ಉಳಿದ ಐವತ್ತೊಂದು ವಾರ

ನವೆಂಬರ್ ತಿಂಗಳು ಸಮೀಪಿಸುತ್ತಿದೆ. ಮೊದಲನೆಯ ತಾರೀಖು ರಾಜ್ಯೋತ್ಸವ. ಅದರ ಹೂಮಾಲೆ ಬಾಡುವುದರೊಳಗೆ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ನಮ್ಮೂರಿನ ಶಾಖಾ ಗ್ರಂಥಾಲಯದ ಸಪ್ತಾಹದ ಆಹ್ವಾನಪತ್ರಿಕೆ ಈಗಾಗಲೇ ನನ್ನ ಕೈಸೇರಿದೆ. ದಪ್ಪ ಕಾಗದ, ಮೂರು ಬಣ್ಣದ ಮುದ್ರಣ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಘನ ಉಪಸ್ಥಿತಿಯವರು, ಪ್ರಾಸ್ತಾವಿಕ ನುಡಿಯವರು, ಸ್ವಾಗತದವರು, ನಿರೂಪಣೆಯವರು, ವಂದನಾರ್ಪಣೆಯವರು ಎಂದು ಒಟ್ಟು 23 ಹೆಸರುಗಳಿವೆ. ಎರಡು ಸಲ ಎಣಿಸಿದೆ. ಮನುಷ್ಯರ ಹೆಸರು 23. ಪುಸ್ತಕದ ಹೆಸರು ಒಂದೂ ಇಲ್ಲ.

ಮದುವೆಯ ಕರೆಯೋಲೆಯಲ್ಲಿ ಬಂಧುಬಳಗವನ್ನೆಲ್ಲ ಅಚ್ಚು ಹಾಕಿಸಿ ವಧೂವರರ ಹೆಸರನ್ನೇ ಬಿಟ್ಟರೆ ಹೇಗೋ, ಇದೂ ಹಾಗೆಯೇ. ಏಳು ದಿನಗಳ ಕಾರ್ಯಕ್ರಮದ ವಿವರವೇನೋ ಇದೆ: ದೀಪ ಬೆಳಗುವುದು, ಪುಸ್ತಕ ಪ್ರದರ್ಶನ, ಮಕ್ಕಳಿಗೆ ಭಾಷಣ ಸ್ಪರ್ಧೆ, ಮಹಿಳೆಯರಿಗೆ ರಂಗೋಲಿ ಸ್ಪರ್ಧೆ, ಹಿರಿಯರಿಗೆ ಸನ್ಮಾನ, ಸಾಂಸ್ಕೃತಿಕ ಸಂಜೆ, ಸಮಾರೋಪ. ಇವುಗಳಲ್ಲಿ ಪುಸ್ತಕಕ್ಕೆ ಸಂಬಂಧಪಟ್ಟದ್ದು ಪ್ರದರ್ಶನವೊಂದೇ. ಕಳೆದ ವರ್ಷದ ಪ್ರದರ್ಶನವನ್ನು ನಾನು ನೋಡಿದ್ದೇನೆ. ಮೇಜಿನ ಮೇಲೆ ಬಟ್ಟೆ ಹಾಸಿ, ಒಳ್ಳೆಯ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ, ಮುಂದೆ ಹುರಿ ಕಟ್ಟಿದ್ದರು. ನೋಡಬಹುದು, ಮುಟ್ಟಬಾರದು. ಸಿಬ್ಬಂದಿಯೆಲ್ಲ ಸಮಾರಂಭದ ಕೆಲಸದಲ್ಲಿ ಮುಳುಗಿದ್ದುದರಿಂದ ಆ ವಾರವೆಲ್ಲ ಪುಸ್ತಕ ಎರವಲು ಕೊಡುವ ವಿಭಾಗಕ್ಕೆ ಬೀಗ. ಗ್ರಂಥಾಲಯದ ಹಬ್ಬದಲ್ಲಿ ಗ್ರಂಥ ಸಿಕ್ಕದು ಎಂಬ ಈ ವಿಚಿತ್ರ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಹಬ್ಬವೇ ಬೇಡವೆಂದು ನಾನು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಸುಣ್ಣ ಬಣ್ಣ ಕಾಣುವುದು ಕಟ್ಟಡಕ್ಕೂ ಒಳ್ಳೆಯದು. ನನ್ನ ತಕರಾರು ಉಳಿದ ಐವತ್ತೊಂದು ವಾರಗಳದು. 21ನೆಯ ತಾರೀಖು ಬೆಳಿಗ್ಗೆ ಚಪ್ಪರ ಬಿಚ್ಚಿದ ಮೇಲೆ ಮುಂದಿನ ನವೆಂಬರಿನವರೆಗೆ ನಮ್ಮ ಗ್ರಂಥಾಲಯದ ಪ್ರಕಟಣೆಯ ಹಲಗೆಯ ಮೇಲೆ ಏನಿರುತ್ತದೆ? ‘ದಯವಿಟ್ಟು ನಿಶ್ಶಬ್ದವಾಗಿರಿ’ ಎಂಬ ಹಳೆಯ ಫಲಕ. ಅದರ ಪಕ್ಕದಲ್ಲಿ ರಜಾದಿನಗಳ ಪಟ್ಟಿ. ಸಾರ್ವಜನಿಕ ಗ್ರಂಥಾಲಯದ ಕಾರ್ಯಕ್ರಮವೆಂದರೆ ವಾರವಾರವೂ ಪುಸ್ತಕವನ್ನೂ ಊರಿನವರನ್ನೂ ಮುಖಾಮುಖಿ ಮಾಡಿಸುವ ಕೆಲಸವೇ ಹೊರತು ವರ್ಷಕ್ಕೊಮ್ಮೆ ಗಣ್ಯರಿಗೂ ಗಣ್ಯರಿಗೂ ಶಾಲು ಬದಲಾಯಿಸುವ ಸಮಾರಂಭವಲ್ಲ. ನಾನು ಹೇಳಬೇಕಾದುದು ಇಷ್ಟೆ. ಆದರೆ ಇಷ್ಟನ್ನು ಹೇಳಿದರೆ ಹತ್ತು ಆಕ್ಷೇಪಣೆಗಳು ಏಳುತ್ತವೆಯಾದುದರಿಂದ ಸ್ವಲ್ಪ ವಿಸ್ತರಿಸಬೇಕಾಗಿದೆ.

ಭಾರತದಲ್ಲಿ ಗ್ರಂಥಾಲಯವಿದ್ಯೆಗೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಪ್ರಸಿದ್ಧವಾದ ಐದು ಸೂತ್ರಗಳನ್ನು 1931ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅವರು ನಮಗೇನೂ ದೂರದವರಲ್ಲ. ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, 1962ರಲ್ಲಿ ಅಲ್ಲಿಯೇ ಒಂದು ಸಂಶೋಧನ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡವರು. ಪುಸ್ತಕವಿರುವುದು ಉಪಯೋಗಕ್ಕೆ ಎಂಬುದು ಅವರ ಮೊದಲನೆಯ ಸೂತ್ರ. ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬುದು ಎರಡನೆಯದು. ಇವೆರಡನ್ನೂ ಎಲ್ಲರೂ ಭಾಷಣಗಳಲ್ಲಿ ಹೇಳುತ್ತಾರೆ. ಮೂರನೆಯದನ್ನು ಮಾತ್ರ ಯಾರೂ ನೆನೆಯುವುದಿಲ್ಲ: ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು. ಓದುಗನಿಗೆ ಕಾಲಿದೆ, ಅವನು ಹುಡುಕಿಕೊಂಡು ಬಂದಾನು. ಪುಸ್ತಕಕ್ಕೆ ಕಾಲಿಲ್ಲ. ಅದನ್ನು ಓದುಗನ ಬಳಿಗೆ ಕರೆದೊಯ್ಯುವವರು ಬೇಕು. ಗ್ರಂಥಾಲಯದ ಕಾರ್ಯಕ್ರಮಗಳೆಂದರೆ ಪುಸ್ತಕಕ್ಕೆ ಕೊಟ್ಟ ಕಾಲುಗಳು.

ಆ ಕಾಲುಗಳಿಲ್ಲದೆ ಏನಾಗಿದೆಯೆಂಬುದನ್ನು ನೋಡಬೇಕಾದರೆ ಯಾವುದಾದರೂ ಶಾಖಾ ಗ್ರಂಥಾಲಯದ ಕಪಾಟಿನ ಬಾಗಿಲು ತೆಗೆಸಿ ನೋಡಿ. ಸರ್ಕಾರ ಸಗಟು ಖರೀದಿಯ ಹೆಸರಿನಲ್ಲಿ ಕನ್ನಡ ಪುಸ್ತಕಗಳನ್ನು ಕೊಂಡು ಊರೂರಿಗೆ ಹಂಚುತ್ತದೆ. ಈ ಖರೀದಿ ನಿಂತರೆ ತಮ್ಮ ಉಸಿರೇ ನಿಲ್ಲುವುದೆಂದು ಪ್ರಕಾಶಕರು ಹೇಳುತ್ತಾರೆ, ಅದು ಉತ್ಪ್ರೇಕ್ಷೆಯಲ್ಲ. ಆದರೆ ಕೊಂಡ ಮೇಲೆ? ಪುಸ್ತಕ ಬರುತ್ತದೆ, ಮೊಹರು ಬೀಳುತ್ತದೆ, ದಾಖಲೆ ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆಯಾಗುತ್ತದೆ, ಕಪಾಟು ಸೇರುತ್ತದೆ. ಶಿವರಾಮ ಕಾರಂತರು ಮಕ್ಕಳಿಗಾಗಿಯೇ 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರು. ಒಬ್ಬ ಮನುಷ್ಯ ಒಂಟಿಯಾಗಿ ಕುಳಿತು ನಾಡಿನ ಮಕ್ಕಳಿಗೆಲ್ಲ ಜಗತ್ತನ್ನು ಬಡಿಸಿಟ್ಟ ಆ ಸಾಹಸವನ್ನು ನಾನು ಒಂದು ಗ್ರಂಥಾಲಯದಲ್ಲಿ ‘ಹೊರಗೆ ಕೊಡತಕ್ಕದ್ದಲ್ಲ’ ಎಂಬ ಚೀಟಿಯೊಡನೆ ಎತ್ತರದ ಖಾನೆಯಲ್ಲಿ ಕಂಡೆ. ಅಷ್ಟು ಎತ್ತರಕ್ಕೆ ಕೈಯಾಡುವ ವೇಳೆಗೆ ಮಗು ಮಗುವಾಗಿ ಉಳಿದಿರುವುದಿಲ್ಲ.

ಪುಸ್ತಕವನ್ನು ಜನರ ಬಳಿಗೆ ಒಯ್ಯುವುದು ನಮಗೆ ಹೊಸ ವಿದ್ಯೆಯೂ ಅಲ್ಲ. ಕನ್ನಡದ ಓದು ಹುಟ್ಟಿನಿಂದಲೇ ಸಭೆಯ ಓದು. ಒಬ್ಬರು ವಾಚನ ಮಾಡುತ್ತಿದ್ದರು, ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದರು, ಊರು ಕುಳಿತು ಕೇಳುತ್ತಿತ್ತು. ಕುಮಾರವ್ಯಾಸ ಅಕ್ಷರ ಬಾರದವರ ಬಾಯಲ್ಲಿ ನೆಲೆಸಿದ್ದು ಗುಡಿಯ ಜಗಲಿಯಿಂದಲೇ ಹೊರತು ಗ್ರಂಥಾಲಯದ ಕಪಾಟಿನಿಂದಲ್ಲ. ಮುದ್ರಣದ ಕಾಲ ಬಂದ ಮೇಲೆಯೂ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆದರು. ಆ ಗಂಟಿನ ಭಾರದಿಂದ ಉತ್ತರ ಕರ್ನಾಟಕದಲ್ಲಿ ಒಂದು ಓದುವ ತಲೆಮಾರು ಎದ್ದು ನಿಂತಿತು. ಅವರಿಗೆ ಶಾಲು ಹೊದಿಸುವ ಸಪ್ತಾಹವೇನೂ ಇರಲಿಲ್ಲ.

ನೆರೆಯ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ 1931ರಲ್ಲಿಯೇ ಎತ್ತಿನ ಗಾಡಿಯಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳುಹಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಯುನೆಸ್ಕೋ ಸಹಾಯದಿಂದ ಹಳೆಯ ದೆಹಲಿಯ ರೈಲು ನಿಲ್ದಾಣದ ಎದುರಿಗೆ ಒಂದು ಸಾರ್ವಜನಿಕ ಗ್ರಂಥಾಲಯ ಸ್ಥಾಪನೆಯಾಯಿತು. 1951ರಲ್ಲಿ ಪ್ರಧಾನಿ ನೆಹರೂ ಅವರೇ ಅದನ್ನು ಉದ್ಘಾಟಿಸಿದರು. ಅಲ್ಲಿ ಉದ್ಘಾಟನೆ ಒಂದೇ ದಿನಕ್ಕೆ ಮುಗಿಯಿತು, ಕೆಲಸ ಮಾರನೆಯ ದಿನ ಆರಂಭವಾಯಿತು. ಹೊಸದಾಗಿ ಅಕ್ಷರ ಕಲಿತ ವಯಸ್ಕರಿಗಾಗಿ ಚರ್ಚೆ, ಉಪನ್ಯಾಸ, ನಾಟಕ, ಚಲನಚಿತ್ರಗಳನ್ನೂ ಮಕ್ಕಳಿಗಾಗಿ ಕಥೆ ಹೇಳುವುದನ್ನೂ ಆ ಗ್ರಂಥಾಲಯ ತನ್ನ ದಿನಚರಿಯೊಳಗೆ ಸೇರಿಸಿಕೊಂಡಿತು. ಪುಸ್ತಕ ಕೊಡುವುದು ಒಂದು ಕೈಯಾದರೆ ಜನರನ್ನು ಕೂಡಿಸುವುದು ಇನ್ನೊಂದು ಕೈ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಇಷ್ಟು ದೂರ ಹೋಗುವುದೂ ಬೇಡ. ಡಿ. ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದಾಗ ಅದಕ್ಕೊಂದು ಪುಸ್ತಕ ಭಂಡಾರವನ್ನೂ ಒಂದು ವ್ಯಾಸಂಗಗೋಷ್ಠಿಯನ್ನೂ ಜೊತೆಜೊತೆಯಾಗಿ ಇಟ್ಟರು. ಆ ಗೋಷ್ಠಿಯಲ್ಲಿ ಡಿವಿಜಿಯವರು ಗೀತೆಯ ಮೇಲೆ ಮಾಡಿದ ಉಪನ್ಯಾಸಗಳೇ ಮುಂದೆ ‘ಜೀವನಧರ್ಮಯೋಗ’ವಾಗಿ, 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದವು. ಪುಸ್ತಕದ ಸುತ್ತ ಜನ ಕೂಡುತ್ತಾ ಬಂದರೆ ಆ ಕೂಟದಿಂದಲೇ ಇನ್ನೊಂದು ಪುಸ್ತಕ ಹುಟ್ಟುತ್ತದೆ. ಸನ್ಮಾನ ಸಮಾರಂಭದಿಂದ ಹುಟ್ಟುವುದು ಇನ್ನೊಂದು ಸನ್ಮಾನ ಸಮಾರಂಭ ಮಾತ್ರ.

ಇನ್ನು ಆಕ್ಷೇಪಣೆಗಳು. ಮೊದಲನೆಯದು ನಿಶ್ಶಬ್ದದ್ದು. “ಗ್ರಂಥಾಲಯವೆಂದರೆ ಓದುವ ಸ್ಥಳ, ಅಲ್ಲಿ ಕಥೆ ಹೇಳುವುದು, ಚರ್ಚೆ ಮಾಡುವುದು ಗಲಾಟೆಯಲ್ಲವೆ?” ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಸಪ್ತಾಹದ ಏಳು ದಿನ ಧ್ವನಿವರ್ಧಕ ಬೀದಿಯ ಕೊನೆಯವರೆಗೆ ಕೂಗಿದಾಗ ಇದೇ ಹಿರಿಯರು ವೇದಿಕೆಯ ಮೇಲಿದ್ದರು. ವಾರದಲ್ಲಿ ಒಂದು ಗಂಟೆ, ಧ್ವನಿವರ್ಧಕವಿಲ್ಲದೆ, ಹತ್ತಿಪ್ಪತ್ತು ಜನ ಒಂದು ಮೂಲೆಯಲ್ಲಿ ಕುಳಿತು ಒಂದು ಕಥೆ ಕೇಳಿದರೆ ನಿಶ್ಶಬ್ದಕ್ಕೆ ಯಾವ ಅಪಾಯವೂ ಇಲ್ಲ. ಯಾರೂ ಓದದ ಪುಸ್ತಕಗಳ ನಡುವಿನ ನಿಶ್ಶಬ್ದ ಗ್ರಂಥಾಲಯದ ನಿಶ್ಶಬ್ದವಲ್ಲ. ಅದು ಉಗ್ರಾಣದ ನಿಶ್ಶಬ್ದ.

ಇಲ್ಲಿ ಪರೀಕ್ಷೆಗೆ ಓದುವ ಯುವಕ ಯುವತಿಯರ ಮಾತು ಬರುತ್ತದೆ. ಇಂದು ಗ್ರಂಥಾಲಯದ ಕುರ್ಚಿಗಳಲ್ಲಿ ಅವರೇ ಹೆಚ್ಚು. ಪೊಲೀಸ್ ಪೇದೆ, ಪಿಡಿಒ, ಎಫ್‌ಡಿಎ ಮುಂತಾದ ಹುದ್ದೆಗಳಿಗೆ ತಯಾರಿ ನಡೆಸುವವರು ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕಾಯುತ್ತಾರೆ. ತಮ್ಮ ಪುಸ್ತಕವನ್ನು ತಾವೇ ತರುತ್ತಾರೆ. ಗ್ರಂಥಾಲಯದಿಂದ ಅವರಿಗೆ ಬೇಕಾದುದು ಕುರ್ಚಿ, ದೀಪ, ಫ್ಯಾನು. ಇವರು ಪತ್ರಿಕೆ ಓದುವವರ ಜಾಗ ಆಕ್ರಮಿಸಿದ್ದಾರೆಂದು ಗೊಣಗುವವರುಂಟು. ಆ ಗೊಣಗಿನಲ್ಲಿ ನಾನು ಪಾಲುದಾರನಲ್ಲ. ಒಂದೇ ಕೋಣೆಯ ಮನೆಯಲ್ಲಿ ಐದು ಜನರ ನಡುವೆ ಓದಲಾಗದ ಹುಡುಗಿಗೆ ಈ ಊರು ಕೊಟ್ಟಿರುವ ಮರ್ಯಾದೆಯ ಜಾಗ ಇದೊಂದೇ. ಆಕೆಯ ಕುರ್ಚಿಯನ್ನು ಕಿತ್ತು ನನ್ನ ಕಥಾವಾಚನ ನಡೆಯಬೇಕಾಗಿಲ್ಲ. ಆದರೆ ಅಷ್ಟು ಶ್ರದ್ಧೆಯಿಂದ ದಿನವೆಲ್ಲ ಕುಳಿತಿರುವ ಯುವಜನರನ್ನು ಒಂದು ದಿನವಾದರೂ ಯಾರಾದರೂ ಕರೆದು, “ಅಮ್ಮಾ, ಭಾನುವಾರ ಅರ್ಧ ಗಂಟೆ ಈ ಮಕ್ಕಳಿಗೆ ಒಂದು ಕಥೆ ಓದಿ ಹೇಳುತ್ತೀಯಾ?” ಎಂದು ಕೇಳಿದ್ದುಂಟೆ? ಕೇಳಿದ್ದರೆ ಬೇಡವೆನ್ನುವವರು ಕಡಿಮೆ. ಅವರನ್ನು ಬಾಡಿಗೆದಾರರಂತೆ ಕಾಣುತ್ತೇವೆ. ಅವರು ಊರಿನ ಮಕ್ಕಳೆಂಬುದನ್ನು ಮರೆತಿದ್ದೇವೆ.

ಎರಡನೆಯ ಆಕ್ಷೇಪಣೆ ಹಣದ್ದು. “ಅನುದಾನವಿಲ್ಲ” ಎಂಬ ಎರಡು ಪದಗಳ ಮಂತ್ರವನ್ನು ಕೇಳದೆ ಯಾವ ಸಾರ್ವಜನಿಕ ಕಚೇರಿಯಿಂದಲೂ ಹೊರಗೆ ಬರುವಂತಿಲ್ಲ. ಗ್ರಂಥಾಲಯದ ಮಟ್ಟಿಗೆ ಈ ಮಂತ್ರವನ್ನು ಪೂರ್ತಿ ಒಪ್ಪಲಾಗದು. ಈ ನಾಡು ಇನ್ನೂ ಮೈಸೂರು ರಾಜ್ಯವೆನಿಸಿಕೊಂಡಿದ್ದಾಗಲೇ, 1965ರಲ್ಲಿ, ನಮ್ಮ ವಿಧಾನಮಂಡಲ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯನ್ನು ಮಾಡಿತು. 1966ರಲ್ಲಿ ಅದು ಜಾರಿಗೆ ಬಂತು. ಆ ಕಾಯಿದೆಯ ಜೀವ ಇರುವುದು ಗ್ರಂಥಾಲಯ ಕರದಲ್ಲಿ. ಇಂದು ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಕರವನ್ನು ನಾವು ಗ್ರಂಥಾಲಯಕ್ಕೆಂದೇ ಕೊಡುತ್ತಿದ್ದೇವೆ. 5,000 ರೂಪಾಯಿ ಆಸ್ತಿ ತೆರಿಗೆ ಕಟ್ಟುವ ಗೃಹಸ್ಥನಿಂದ 300 ರೂಪಾಯಿ ಗ್ರಂಥಾಲಯದ ಹೆಸರಿನಲ್ಲಿ ಸಂದಾಯವಾಗುತ್ತದೆ. ಬಾಡಿಗೆಯ ಮನೆಯವನೂ ಬಾಡಿಗೆಯ ರೂಪದಲ್ಲಿ ಇದನ್ನು ತೆರುತ್ತಾನೆ. ವಸೂಲಿ ಮಾಡುವವರು ಸ್ಥಳೀಯ ಸಂಸ್ಥೆಗಳು. ವಸೂಲಾದುದನ್ನು ಅವು ಗ್ರಂಥಾಲಯಕ್ಕೆ ಒಪ್ಪಿಸಬೇಕು. ಒಪ್ಪಿಸದೆ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಲೇ ಇದೆ. ಹೀಗಿರುವಲ್ಲಿ ಹಣವಿಲ್ಲವೆಂದು ಓದುಗನಿಗೆ ಹೇಳುವುದು, ಅಂಗಡಿಯಲ್ಲಿ ದುಡ್ಡು ಎಣಿಸಿಕೊಂಡ ಮೇಲೆ ಅಕ್ಕಿ ಮುಗಿಯಿತೆಂದಂತೆ. ಅಲ್ಲದೆ ನಾನು ಕೇಳುತ್ತಿರುವ ಕಾರ್ಯಕ್ರಮಕ್ಕೆ ಬೇಕಾದ ಖರ್ಚಾದರೂ ಏನು? ಒಂದು ಜಮಖಾನ, ಒಂದು ಬಿಂದಿಗೆ ನೀರು. ಆಹ್ವಾನಪತ್ರಿಕೆಯ ಮೂರು ಬಣ್ಣಗಳಲ್ಲಿ ಎರಡನ್ನು ಕಡಿಮೆ ಮಾಡಿದರೆ ವರ್ಷದ ನೀರಿಗಾಯಿತು.

ಮೂರನೆಯದು ಸಿಬ್ಬಂದಿಯದು. ಇದರಲ್ಲಿ ಸತ್ಯವಿದೆ. ಎಷ್ಟೋ ಕಡೆ ಬಾಗಿಲು ತೆಗೆಯುವವರು, ಕಸ ಗುಡಿಸುವವರು, ಪತ್ರಿಕೆ ಜೋಡಿಸುವವರು, ಲೆಕ್ಕ ಬರೆಯುವವರು ಎಲ್ಲ ಒಬ್ಬರೇ. ಅವರಿಗೆ ಸಿಗುವುದು ಅಲ್ಪ ಸಂಭಾವನೆ. ಅವರ ತಲೆಯ ಮೇಲೆ ಇನ್ನೊಂದು ಹೊರೆ ಹೇರುವುದು ನ್ಯಾಯವಲ್ಲ; ಅವರ ಸಂಬಳದ ಪ್ರಶ್ನೆಯನ್ನು ಸಪ್ತಾಹದ ವೇದಿಕೆಯ ಮೇಲೆ ಯಾರೂ ಎತ್ತದಿರುವುದೂ ನ್ಯಾಯವಲ್ಲ. ಆದರೂ ಹಳ್ಳಿಗಳ ಕಡೆ ನೋಡಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. 5,000ಕ್ಕೂ ಹೆಚ್ಚು ಗ್ರಂಥಾಲಯಗಳು. 2020ರಲ್ಲಿ, ಶಾಲೆಗಳಿಗೆ ಬೀಗ ಬಿದ್ದಿದ್ದ ಆ ಕಷ್ಟಕಾಲದಲ್ಲಿ, ‘ಓದುವ ಬೆಳಕು’ ಎಂಬ ಹೆಸರಿನಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಕೊಟ್ಟರು. ಮುಂದೆ ಅವು ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದವು. ಅವುಗಳಲ್ಲಿ ಎಲ್ಲವೂ ಸರಿಯಾಗಿದೆಯೆಂದು ನಾನು ಹೇಳಲಾರೆ. ಆದರೆ ಒಬ್ಬ ಮೇಲ್ವಿಚಾರಕಿ ಒಂದು ಕೋಣೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿಸುವುದನ್ನು ನಾನು ಕಂಡಿದ್ದೇನೆ. ಹಳ್ಳಿಯ ಒಂದು ಕೋಣೆಗೆ ಸಾಧ್ಯವಾದುದು ಪಟ್ಟಣದ ಮಹಡಿ ಕಟ್ಟಡಕ್ಕೆ ಅಸಾಧ್ಯವೆಂದರೆ ನಂಬುವುದು ಕಷ್ಟ. ನಿವೃತ್ತ ಶಿಕ್ಷಕರು, ಗಮಕಿಗಳು, ಮನೆಯ ಕೆಲಸ ಮುಗಿಸಿ ಕಾದಂಬರಿ ಹಿಡಿಯುವ ಗೃಹಿಣಿಯರು ಪ್ರತಿ ಬಡಾವಣೆಯಲ್ಲಿಯೂ ಇದ್ದಾರೆ. ಕರೆದರೆ ಬರುತ್ತಾರೆ. ಕರೆಯುವವರಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಜನಪ್ರಿಯವಾದ ಆಕ್ಷೇಪಣೆ: “ಈಗ ಯಾರು ಬರುತ್ತಾರೆ ಸ್ವಾಮಿ? ಎಲ್ಲರ ಕೈಯಲ್ಲೂ ಮೊಬೈಲು.” ಮೊದಲ ಭಾನುವಾರ ಐದು ಜನ ಬಂದಾರು. ಅದರಲ್ಲಿ ಇಬ್ಬರು ಮಳೆಗೆ ನಿಂತವರಿರಬಹುದು. ಎರಡನೆಯ ಭಾನುವಾರ ಏಳು ಜನ. ದಿನವೂ ಹೊತ್ತೂ ತಪ್ಪದಿದ್ದರೆ ಮೂರನೆಯ ತಿಂಗಳಿಗೆ ಜಮಖಾನ ಸಾಲದು. ಸಂತೆ ನೆರೆಯುವುದು ಸಂತೆಯ ದಿನ ನಿಶ್ಚಿತವಾಗಿರುವುದರಿಂದ. ಇಂದು ಇಲ್ಲಿ, ಬರುವ ವರ್ಷ ಇನ್ನೆಲ್ಲೋ ಎಂದರೆ ಸಂತೆಗೂ ಜನ ಬಾರರು. ಮೊಬೈಲು ಕಥೆಯನ್ನು ಹೇಳಬಲ್ಲದು, ನಿಜ. ಕಥೆ ಮುಗಿದ ಮೇಲೆ ಪಕ್ಕದಲ್ಲಿ ಕುಳಿತವರ ಮುಖ ನೋಡುವ ಸುಖವನ್ನು ಅದು ಕೊಡಲಾರದು.

ಟೀಕಿಸುವುದು ಸುಲಭ, ನೀವೇನು ಮಾಡುತ್ತೀರಿ ಎನ್ನುವವರಿಗಾಗಿ ನನ್ನ ತಿಂಗಳ ಪಟ್ಟಿಯನ್ನು ಇಲ್ಲಿಯೇ ಕೊಡುತ್ತೇನೆ. ಪ್ರತಿ ಭಾನುವಾರ ಸಂಜೆ ಐದರಿಂದ ಆರು. ಮೊದಲನೆಯ ವಾರ ಮಕ್ಕಳಿಗೆ ಕಥೆ. ಓದುವವರು ಪರೀಕ್ಷೆಗೆ ಕೂರುವ ಯುವಜನರು. ಎರಡನೆಯ ವಾರ ಸಗಟು ಖರೀದಿಯಲ್ಲಿ ಬಂದ ಹೊಸ ಪುಸ್ತಕಗಳಲ್ಲಿ ಒಂದು. ಅದನ್ನು ಓದಿ ಮುಗಿಸಿದ ಊರಿನವರೊಬ್ಬರು ಅದರಿಂದ ಹತ್ತು ಪುಟ ಓದಿ, ತಮಗೆ ಹಿಡಿಸಿದ್ದನ್ನೂ ಹಿಡಿಸದ್ದನ್ನೂ ಹೇಳಲಿ. ಮೂರನೆಯ ವಾರ ಕಾಗದಪತ್ರದ ಗಂಟೆ: ಪಹಣಿ ಓದಲು ಬಾರದ ರೈತ, ಪಿಂಚಣಿಯ ಅರ್ಜಿ ತುಂಬಲು ದಲ್ಲಾಳಿಗೆ ದುಡ್ಡು ಕೊಡುವ ವಿಧವೆ, ವಿದ್ಯಾರ್ಥಿವೇತನದ ಕೊನೆಯ ದಿನ ಗೊತ್ತಿಲ್ಲದ ಹುಡುಗ ಇವರೆಲ್ಲ ಗ್ರಂಥಾಲಯಕ್ಕೆ ಬರಲಿ. ಅಕ್ಷರದಿಂದ ಮೊದಲು ಬಿಡುಗಡೆ ಸಿಗಬೇಕಾದುದು ಇಂಥವರಿಗೆ. ನಾಲ್ಕನೆಯ ವಾರ ಊರಿನ ಹಿರಿಯರ ಮಾತು: ಮಗ್ಗದವರು, ಕುಂಬಾರರು, ಸೂಲಗಿತ್ತಿಯರು ತಮ್ಮ ಕಸುಬಿನ ಮಾತನ್ನು ಹೇಳಲಿ, ಒಬ್ಬ ವಿದ್ಯಾರ್ಥಿ ಬರೆದುಕೊಳ್ಳಲಿ. ಹತ್ತು ವರ್ಷದಲ್ಲಿ ಆ ಊರಿಗೆ ಯಾವ ವಿಶ್ವವಿದ್ಯಾನಿಲಯವೂ ಕೊಡಲಾಗದ ಒಂದು ನಿಘಂಟು ಸಿಕ್ಕೀತು. ವೇದಿಕೆ ಬೇಡ, ಹಾರ ಬೇಡ, ನಿರೂಪಣೆ ಬೇಡ, ವಂದನಾರ್ಪಣೆಯಂತೂ ಬೇಡವೇ ಬೇಡ. ಕಾರ್ಯಕ್ರಮ ಮುಗಿದೊಡನೆ ಪಕ್ಕದ ಮೇಜಿನ ಮೇಲೆ ಎರವಲಿನ ಪುಸ್ತಕ ತೆರೆದಿರಲಿ. ಬಂದವರು ಒಂದೊಂದು ಪುಸ್ತಕ ಹಿಡಿದು ಮನೆಗೆ ಹೋಗಲಿ. ಸದಸ್ಯರಲ್ಲದವರನ್ನು ಅಲ್ಲಿಯೇ ಸದಸ್ಯರನ್ನಾಗಿ ಮಾಡಿಕೊಳ್ಳಲಿ.

ಅಳತೆಗೋಲನ್ನೂ ಹೇಳಿಬಿಡುತ್ತೇನೆ. ಇಂದು ಸಪ್ತಾಹದ ವರದಿಯಲ್ಲಿ ಬರೆಯುವುದು ಎಷ್ಟು ಗಣ್ಯರು ಬಂದರು, ಎಷ್ಟು ಛಾಯಾಚಿತ್ರ ಅಚ್ಚಾಯಿತು ಎಂಬುದನ್ನು. ಅದರ ಬದಲು ಒಂದೇ ಅಂಕಿ ಬರೆಯಲಿ: ಆ ದಿನ ಎಷ್ಟು ಪುಸ್ತಕ ಕಪಾಟಿನಿಂದ ಇಳಿದು ಮನೆಗೆ ಹೋದವು? ಹತ್ತು ಪುಸ್ತಕ ಹೋದರೆ ಐದು ಜನರ ಸಭೆಯೂ ಯಶಸ್ವಿ. ಒಂದೂ ಹೋಗದಿದ್ದರೆ ಮಂತ್ರಿಗಳು ಬಂದ ಸಭೆಯೂ ಬರಿಯ ಶಾಮಿಯಾನ.

ಇದನ್ನು ಅಧಿಕಾರಿಗಳು ಓದಿ ತಾವಾಗಿಯೇ ಬದಲಾಗುತ್ತಾರೆಂಬ ಭ್ರಮೆ ನನಗಿಲ್ಲ. ಅವರ ಕಿವಿ ಹಿಂಡುವ ಹಕ್ಕು ಇರುವುದು ಕರ ಕೊಡುವವರಿಗೆ, ಎಂದರೆ ನಿಮಗೆ. ನಿಮ್ಮ ಮನೆಯ ತೆರಿಗೆಯ ರಶೀದಿಯನ್ನು ಒಮ್ಮೆ ಬಿಚ್ಚಿ ನೋಡಿ; ಗ್ರಂಥಾಲಯ ಕರವೆಂಬ ಸಾಲು ಅದರಲ್ಲಿದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಹತ್ತಿರದ ಗ್ರಂಥಾಲಯಕ್ಕೆ ಹೋಗಿ. ಸಪ್ತಾಹ ಮುಗಿಯುವವರೆಗೆ ಕಾಯಿರಿ. ಆಗ ಅವರಿಗೂ ಸ್ವಲ್ಪ ಬಿಡುವು. ನವೆಂಬರ್ 21ರ ಬೆಳಿಗ್ಗೆ ಮೇಜಿನ ಮುಂದೆ ನಿಂತು, ಸಮಾಧಾನದಿಂದ, ಒಂದೇ ಪ್ರಶ್ನೆ ಕೇಳಿ: “ಈ ಭಾನುವಾರ ಇಲ್ಲಿ ಏನು ಕಾರ್ಯಕ್ರಮ?” ಏನೂ ಇಲ್ಲವೆಂದರೆ ಮುಂದಿನ ಭಾನುವಾರದ ಬಗ್ಗೆ ಕೇಳಿ. ಹತ್ತು ಜನ ಹತ್ತು ಸಲ ಕೇಳಿದ ಪ್ರಶ್ನೆಗೆ ಯಾವ ಕಚೇರಿಯೂ ಬಹಳ ಕಾಲ “ಇಲ್ಲ” ಎನ್ನಲಾರದು.